ನಾಲ್ಕು ಗಂಟೆಯ ನೆರಳು

ಕಳೆದ ಜನವರಿಯಲ್ಲಿ ತ್ರಾಸಿಯಿಂದ ಗಂಗೊಳ್ಳಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಕಾಲ ಬಳಿ ಗೋಣಿಚೀಲ ತಳ್ಳಿಟ್ಟು, "ಒಂಚೂರ್ ಕಾಲ್ ಬದಿಗ್ ಇಟ್ಕಣಿ ಅಕಾ" ಎಂದಳು. ಚೀಲದಿಂದ ಒಣಮೀನಿನ ವಾಸನೆ ಬಂತು. ಹಿಂದಿನ ಸೀಟಿನವರು ಕಿಟಕಿಯ ಗಾಜು ಸರಿಸಿದರು. ನಾನು ಕಾಲು ಸರಿಸಿ ಕೂತೆ. ಚೆನ್ನಾಗಿ ಒಣಗಿದ ಮೀನಿಗೆ ಉಪ್ಪು ಮತ್ತು ಬಿಸಿಲಿನ ವಾಸನೆ ಮಾತ್ರ ಇರುತ್ತದೆ. ಅರೆ ಒಣಗಿದ್ದರೆ ಅದರಡಿಯಲ್ಲಿ ಹುಳಿಯಂಥ ಇನ್ನೊಂದು ವಾಸನೆ ಸೇರಿರುತ್ತದೆ. ಈ ವ್ಯತ್ಯಾಸ ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಈ ಚೀಲದ್ದು ಸಂಜೆಯವರೆಗೂ ಬಿಸಿಲು ತಾಗಿದ ಮೀನು. ಯಾವ ಹಕ್ಲಿನದು ಎಂದು ಕೇಳಬೇಕೆನ್ನಿಸಿತು. ನಮ್ಮ ಕಡೆ ಬಯಲಿಗೆ ಹಕ್ಲು ಎನ್ನುತ್ತಾರೆ. ಕೇಳಲಿಲ್ಲ. ಆದರೆ ಬಸ್ಸಿನಿಂದ ಇಳಿಯುವವರೆಗೂ ಎರಡು ಸಾವಿರದ ಒಂಬತ್ತರ ಮಳೆಗಾಲ ತಲೆಯಿಂದ ಇಳಿಯಲಿಲ್ಲ.

ಆ ವರ್ಷ ನಾನು ಕುಂದಾಪುರದಲ್ಲಿ ಐತಾಳರ ಕಚೇರಿಯಲ್ಲಿದ್ದೆ. ಐತಾಳರು ಸಾಲಿಗ್ರಾಮದವರು, ಇಂಜಿನಿಯರು. ಹಳೆ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯ ಮಾಳಿಗೆಯಲ್ಲಿ ಅವರ ಕಚೇರಿ. ಅಲ್ಲಿ ಅವರು, ನಕ್ಷೆ ಎಳೆಯುವ ರಾಜೇಶ, ಆರ್ಕಿಟೆಕ್ಚರ್ ಓದಿ ಆಗಷ್ಟೇ ಸೇರಿದ್ದ ನಾನು. ಐತಾಳರು ಎಲ್ಲರೊಡನೆ ತಮ್ಮೂರ ಕಡೆಯ ಕೋಟದ ಮಾತಿನಲ್ಲೇ ಮಾತಾಡುತ್ತಿದ್ದರು. ನಾನು ಕಾಲೇಜಿನ ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಉಪ್ಪುಂದದವಳು ಎಂದಷ್ಟೇ ಹೇಳಿದ್ದೆ. ಅಲ್ಲಿ ನಮ್ಮ ಮನೆಯ ಹಿಂದಿನ ಹೊಯ್ಗೆಯ ಮೇಲೆ, ಕಡಲ ಮರಳಿನಲ್ಲಿ, ಅಮ್ಮ ಮೀನು ಒಣಗಿಸುತ್ತಾಳೆ ಎಂದು ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಯಾರೂ ಕೇಳಿರಲಿಲ್ಲ, ನಾನಾಗಿ ಹೇಳುವ ಸ್ವಭಾವ ನನ್ನದಲ್ಲ.

ನನ್ನ ಕೆಲಸ ಸಾಗಾಟದ್ದು. ರಾಜೇಶ ಕ್ಯಾಡ್‌ನಲ್ಲಿ ಎಳೆದ ನಕ್ಷೆಯನ್ನು ನಾನು ಇನ್ನೊಂದು ಪ್ರೋಗ್ರಾಮಿಗೆ ಒಯ್ದು, ಗೆರೆಗಳಿಗೆ ಎತ್ತರ ಕೊಟ್ಟು ಕಟ್ಟಡದ ಮಾಡೆಲ್ ಮಾಡುತ್ತಿದ್ದೆ. ಆ ಮಾಡೆಲನ್ನು ಮತ್ತೆ ಮೂರನೆಯ ಪ್ರೋಗ್ರಾಮಿಗೆ ಒಯ್ಯಬೇಕು. ಅಲ್ಲಿ ಬೆಳಕು, ನೆರಳು, ಆಕಾಶ ಸೇರಿ ಫೋಟೊದಂಥ ಚಿತ್ರ ಬರುತ್ತದೆ. ಅದಕ್ಕೆ ರೆಂಡರ್ ಎನ್ನುತ್ತಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ ಆಗುವಂತೆ ಪ್ರತಿ ಸಾಗಾಟದಲ್ಲೂ ಏನಾದರೊಂದು ಬಿಟ್ಟುಹೋಗುತ್ತಿತ್ತು. ಇಂಚು ಮಿಲಿಮೀಟರಾಗಿ ಇಡೀ ಕಟ್ಟಡ ಬೆಂಕಿಪೆಟ್ಟಿಗೆಯಷ್ಟಾಗುತ್ತಿತ್ತು. ಗೋಡೆಯ ಒಳಮೈ ಹೊರಕ್ಕೆ ತಿರುಗಿದ್ದರೆ ಗೋಡೆಯೇ ಕಾಣದಾಗುತ್ತಿತ್ತು. ಹೆಂಚಿನ ಬಣ್ಣ ಉದುರಿ ಮಾಡು ಬೂದಿಯಾಗುತ್ತಿತ್ತು. ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು, ಒಂದೊಂದಾಗಿ ಸರಿ ಮಾಡಬಹುದು. ದಿಕ್ಕು ಹಾಗಲ್ಲ. ನಕ್ಷೆಯ ಮೂಲೆಯಲ್ಲಿ ಉತ್ತರ ತೋರಿಸುವ ಬಾಣ ನಮಗೆ ಬಾಣ, ಪ್ರೋಗ್ರಾಮಿಗೆ ಬರೀ ಗೆರೆ. ಮೂರನೆಯ ಪ್ರೋಗ್ರಾಮಿಗೆ ಊರು, ತಿಂಗಳು, ಗಂಟೆ ಹೇಳಿದರೆ ಸೂರ್ಯನನ್ನು ತಾನೇ ಕೂರಿಸುತ್ತದೆ. ಉತ್ತರ ಯಾವ ಕಡೆ ಎಂಬುದನ್ನು ಮಾತ್ರ ನಾವೇ ಕೈಯಾರೆ ತಿರುಗಿಸಿ ಇಡಬೇಕು. ತಿರುಗಿಸಿದ್ದು ತಪ್ಪಾದರೂ ಚಿತ್ರ ಚೆಂದವಾಗಿಯೇ ಬರುತ್ತದೆ.

ಗಂಗೊಳ್ಳಿಯ ಒಂದು ಕೇರಿಯ ಮೀನುಗಾರರ ಸಂಘ ಆ ಮಳೆಗಾಲದಲ್ಲಿ ಕಟ್ಟಡ ಕಟ್ಟಿಸಲು ಹೊರಟಿತ್ತು. ಕೆಳಗೆ ಬಲೆ ಇಡುವ ಕೋಣೆಗಳು, ಮೇಲೆ ಮದುವೆ ಸಭೆಗಳಿಗೆ ಮಾಳಿಗೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ. ಗಂಡಸರೆಲ್ಲ ಕರೆಯಲ್ಲೇ, ದಡದಲ್ಲೇ ಇರುತ್ತಾರೆ, ಬಲೆ ಕಟ್ಟುತ್ತಾರೆ. ಕೇರಿಯ ತೀರ್ಮಾನಗಳೆಲ್ಲ ಆಗಲೇ ಆಗಬೇಕು. ಕಡಲಿಗೆ ಕಾಯಿ, ಹಾಲು ಬಿಟ್ಟು ಬೋಟು ಇಳಿಸಿದರೆ ಆಮೇಲೆ ಹತ್ತು ಜನರನ್ನು ಒಂದು ಕಡೆ ಕೂರಿಸಲಾಗದು.

ಜಾಗ ನೋಡಲು ಹೋದ ದಿನ ಮಳೆ ಬಿಡದೆ ಹೊಯ್ಯುತ್ತಿತ್ತು. ಕುಂದಾಪುರದಿಂದ ಕಡವಿನ ದೋಣಿಯಲ್ಲಿ ದಾಟಿದೆವು. ಸಂಘದ ಅಧ್ಯಕ್ಷ ಗೋವಿಂದಣ್ಣ ಕೊಡೆ ಹಿಡಿದು ಕಾಯುತ್ತಿದ್ದರು. ಎರಡು ಬೋಟಿನ ಯಜಮಾನರು, ದೊಡ್ಡ ದನಿ. ಕಟ್ಟಡ ಬರಬೇಕಾದ ಜಾಗದ ಎದುರು ಒಂದು ಹಕ್ಲು, ಹಕ್ಲಿನಾಚೆ ನೀರು. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಕೇರಿಯ ಹೆಂಗಸರು ಅಲ್ಲೇ ಮೀನು ಒಣಗಿಸುವುದು. ಮಳೆಗೆ ತಲೆ ಬೆನ್ನು ಮುಚ್ಚುವ ಕೊಪ್ಪೆ ಹಾಕಿಕೊಂಡ ಒಬ್ಬ ಹಿರಿಯ ಹೆಂಗಸು ನಮ್ಮ ಹಿಂದೆಯೇ ನಡೆದು ಬಂದಳು. ಮುತ್ತಕ್ಕ ಎಂದು ಗೋವಿಂದಣ್ಣ ಪರಿಚಯಿಸಿದರು.

"ಕಟ್ಟಡಕ್ಕೆ ನಮ್ದ್ ಅಡ್ಡಿ ಇಲ್ಲೆ" ಎಂದಳು ಮುತ್ತಕ್ಕ. "ಹಕ್ಲಿಗೆ ಬಿಸ್ಲ್ ತಪ್ಪುಕಾಗ. ಅಷ್ಟೇ."

"ಎಂತಕ್ಕೆ ತಪ್ಪುತ್ ಮಾರಾಯ್ತಿ?" ಎಂದರು ಗೋವಿಂದಣ್ಣ. "ನಮ್ಮ್ ಕೇರಿ ಹೆಣ್ಮಕ್ಕಳ್ ಮದಿ ಇನ್ನೂ ಎಷ್ಟ್ ವರ್ಷ ಕುಂದಾಪ್ರದ್ ಬಾಡ್ಗಿ ಹಾಲಂಗೆ ಮಾಡುದ್? ನಿನ್ನ್ ಮೊಮ್ಮಗಳದ್ದೂ ಬತ್ತಿಲ್ಯಾ?"

"ಮೊಮ್ಮಗಳ್ ಮದಿ ಒಂದಿನ. ಮೀನ್ ದಿನಾ ಒಣ್ಗುಕ್."

ಐತಾಳರು ನಕ್ಕು ನಡುವೆ ಬಂದರು. "ಜಗಳ ಬ್ಯಾಡ. ಕಂಪ್ಯೂಟರಂಗೆ ಬಿಸ್ಲ್ ಎಲ್ಲಿಗ್ ಬೀಳ್ತ್, ನೆಳ್ಳ್ ಎಲ್ಲಿಗ್ ಬೀಳ್ತ್ ಅಂದ್ಹೇಳಿ ಚಿತ್ರವೇ ತೆಗ್ದ್ ತೋರ್ಸುವ. ಕಂಡ್ಕಂಡ್ ಮೇಲೆ ನೀವೇ ಹೇಳಿ."

ಮುತ್ತಕ್ಕ ಒಪ್ಪಿದಳು. ಚಿತ್ರ ಕಂಡ ಮೇಲೆ ಒಪ್ಪಿಗೆಯಾದರೆ ಹೆಂಗಸರು ಕೈ ಎತ್ತುವುದು ಎಂದಾಯಿತು. ಆ ಹಕ್ಲಿನ ಹಣೆಬರಹ ನನ್ನ ಕೈಯ ಚಿತ್ರದ ಮೇಲೆ ಬಂದು ಕೂತದ್ದು ಹೀಗೆ.

ಐತಾಳರು ಕೊಡೆಯಡಿ ನಿಂತು ಜಾಗದ ಗೀಟು ಹಾಕಿಕೊಂಡರು. ಹಾಳೆಯ ಎಡ ತುದಿಯಲ್ಲಿ ನೀರು, ಅದರ ಮೇಲೆ 'ಪಡು' ಎಂದು ಬರೆದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಏನೂ ಅನ್ನಿಸಲಿಲ್ಲ. ಅವರು ಸಾಲಿಗ್ರಾಮದವರು, ನಾನು ಉಪ್ಪುಂದದವಳು. ನಮ್ಮಿಬ್ಬರಿಗೂ ಹುಟ್ಟಿದಂದಿನಿಂದ ನೀರು ಇರುವುದು ಪಡುವಿಗೆ, ಪಶ್ಚಿಮಕ್ಕೆ. ನಮ್ಮ ಮನೆಯಲ್ಲಿ ಕೊಡಪಾನ ಎಲ್ಲಿದೆ ಎಂದರೆ ಎಡಕ್ಕೆ ಬಲಕ್ಕೆ ಎನ್ನುವುದಿಲ್ಲ, ಪಡು ಬದಿಗೆ ಎನ್ನುತ್ತಾರೆ. ನೀರಿಗೆ ಮುಖ ಮಾಡಿ ನಿಂತರೆ ಪಡುವಿಗೆ ಮುಖ ಮಾಡಿದ ಹಾಗೆ. ಸೂರ್ಯನನ್ನು ಕಂಡು ಆಗಲೇ ಎಷ್ಟೋ ದಿನವಾಗಿತ್ತು. ಬೆಳಿಗ್ಗೆಯೂ ಮಧ್ಯಾಹ್ನವೂ ಸಂಜೆಯೂ ಒಂದೇ ಬೂದಿ ಬೆಳಕು. ಆ ಮಳೆಯಲ್ಲಿ ಯಾವ ದಿಕ್ಕೂ ತಾನು ಯಾವುದೆಂದು ಹೇಳುವಂತಿರಲಿಲ್ಲ.

ಮರಳಿ ಬಂದಾಗ ನಮ್ಮ ಬಟ್ಟೆಗೆ ಬಂದರಿನ ವಾಸನೆ ಹತ್ತಿತ್ತು. ರಾಜೇಶ ಮೂಗು ಮುಚ್ಚಿ, ಕಿಟಕಿ ತೆಗೆದು, ಗಣಪತಿ ಪಟದ ಮುಂದೆ ಊದಿನಕಡ್ಡಿ ಹಚ್ಚಿದ. "ಈ ಮೀನಿನ್ ಕೆಲ್ಸ ಮುಗಿವತಂಕ ದಿನಕ್ಕೊಂದ್ ಕಟ್ಟ್ ಬೇಕ್ ಸರ್." ಐತಾಳರು ನಕ್ಕರು. ನಾನು ಕಂಪ್ಯೂಟರ್ ಹಾಕಿದೆ.

ಮಾಡೆಲ್ ಚೆನ್ನಾಗಿ ಬಂತು. ಮೂರನೆಯ ಪ್ರೋಗ್ರಾಮಿಗೆ ಸಾಗಿಸಿದಾಗ ಮಾಳಿಗೆಯ ಒಂದು ಗೋಡೆ ಮಾಯವಾಗಿತ್ತು, ತಿರುಗಿಸಿ ಸರಿ ಮಾಡಿದೆ. ಹೆಂಚಿಗೆ ಮತ್ತೆ ಬಣ್ಣ ಕೊಟ್ಟೆ. ಐತಾಳರ ಗೀಟಿನಿಂದ ರಾಜೇಶ ಎಳೆದ ನಕ್ಷೆಯ ಬಾಣ ನೋಡಿ ಉತ್ತರ ಕೂರಿಸಿದೆ. ಮೀನು ಒಣಗಿಸುವ ಕಾಲ ಬೇಕೆಂದು ಜನವರಿ ಇಟ್ಟೆ, ಸಂಜೆ ನಾಲ್ಕು ಗಂಟೆ. ಚಿತ್ರದಲ್ಲಿ ಬಿಸಿಲು ನೀರಿನ ಕಡೆಯಿಂದ ಬಂದು ಹಕ್ಲಿನ ಮೇಲೆಲ್ಲ ಹಾಸಿಕೊಂಡಿತ್ತು. ಕಟ್ಟಡದ ನೆರಳು ಅದರ ಬೆನ್ನ ಹಿಂದಕ್ಕೆ ಬಿದ್ದಿತ್ತು. ಮುತ್ತಕ್ಕನಿಗೆ ಬೇಕಾದ್ದೇ ಆಯಿತಲ್ಲ ಎಂದು ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಗೋವಿಂದಣ್ಣ ಕಚೇರಿಗೆ ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದ್ ಎಷ್ಟ್ ಗಂಟಿದ್?"

"ಸಂಜೆ ನಾಲ್ಕು" ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಚಿತ್ರ ನೋಡಿದರು. ಏನೋ ಹೇಳಹೊರಟು ತಡೆದರು ಎಂದು ಆಗ ಅನ್ನಿಸಿತ್ತು. ಯಾಕೆಂದು ಗೊತ್ತಾಗಿರಲಿಲ್ಲ. "ಭಾರೀ ಲಾಯ್ಕಿತ್ತ್. ಹೀಂಗೇ ಇರ್ಲಿ ಐತಾಳ್ರೆ. ಒಂಚೂರೂ ಬದಲ್ ಮಾಡುಕಾಗ" ಎಂದು ಹೇಳಿ ಸೀಡಿಯಲ್ಲಿ ಹಾಕಿಸಿಕೊಂಡು ಹೋದರು. ಬೋಟು ಇಳಿಸುವುದಕ್ಕೆ ಮೊದಲಿನ ಭಾನುವಾರ ಮೂರು ಗಂಟೆಗೆ ಸಭೆ ಎಂದು ಹೇಳಿ ಕಳಿಸಿದರು.

ಸಭೆಗೆ ಎರಡು ದಿನ ಮೊದಲು, ಕಚೇರಿಯ ಕಡತಕ್ಕೆ ಜಾಗದ ಫೋಟೊ ಬೇಕೆಂದು ನಾನೊಬ್ಬಳೇ ಗಂಗೊಳ್ಳಿಗೆ ಹೋಗಿದ್ದೆ. ಹಿಂದಿರುಗುವಾಗ ಐದು ದಾಟಿತ್ತು. ದೋಣಿ ನಡು ಹೊಳೆಗೆ ಬಂದಾಗ ಮೋಡ ಹರಿದು ಒಮ್ಮೆಲೇ ಬಿಸಿಲು ಬಿತ್ತು. ದೋಣಿಯಲ್ಲಿದ್ದವರೆಲ್ಲ ಕಣ್ಣು ಕಿರಿದು ಮಾಡಿ ಹಿಂದಕ್ಕೆ ತಿರುಗಿದರು. ನಾನು ಮುಂದೆ ನೋಡುತ್ತಿದ್ದೆ. ನನ್ನ ನೆರಳು ನನ್ನ ಮುಂದೆ, ನೀರಿನ ಮೇಲೆ, ಕುಂದಾಪುರದ ಕಡೆಗೆ ಉದ್ದಕ್ಕೆ ಬಿದ್ದಿತ್ತು.

ತಿರುಗಿ ನೋಡಿದೆ. ಸೂರ್ಯ ಆ ಕೇರಿಯ ಹಿಂದೆ ಇದ್ದ. ಕಟ್ಟಡ ಬರಬೇಕಾದ ಜಾಗದ ಬೆನ್ನಿಗೆ.

ಗಂಗೊಳ್ಳಿ ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡ ನಾಲಿಗೆಯಂಥ ಊರು. ಪಡುವಿಗೆ ಕಡಲು, ಮೂಡಿಗೆ, ಪೂರ್ವಕ್ಕೆ, ಹೊಳೆ. ಆ ಕೇರಿಯ ಎದುರಿನ ನೀರು ಹೊಳೆ. ಕುಂದಾಪುರದಲ್ಲಿ ನಿಂತು, ಸೂರ್ಯ ಗಂಗೊಳ್ಳಿಯ ಮೇಲೆ ಮುಳುಗುವುದನ್ನು ಬೇಸಿಗೆಯಿಡೀ ಕಚೇರಿಯ ಮಾಳಿಗೆಯಿಂದ ಕಂಡಿದ್ದೆ. ಕಂಡದ್ದನ್ನೂ ನಕ್ಷೆಯನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ. ನಾವು ಮಾಡಿದ ಸಂಜೆಯ ಚಿತ್ರ ನಿಜವಾಗಿ ಬೆಳಗಿನ ಚಿತ್ರ. ನಿಜವಾದ ಸಂಜೆ ನಾಲ್ಕಕ್ಕೆ ನೆರಳು ಬೀಳುವುದು ಹಿಂದಕ್ಕಲ್ಲ, ಮುಂದಕ್ಕೆ, ಹಕ್ಲಿನ ಮೇಲೆ. ಇದು ಗೋವಿಂದಣ್ಣನಿಗೆ ಕಂಡ ಕೂಡಲೇ ಗೊತ್ತಾಗಿತ್ತು ಎಂಬುದೂ ಆಗ ಹೊಳೆಯಿತು.

ಮರುದಿನ ಐತಾಳರು ಬರುವ ಮೊದಲೇ ಕಡತದ ಸರ್ವೆ ನಕ್ಷೆ ಬಿಡಿಸಿ ನೋಡಿದೆ. ಅದರ ಬಾಣವೂ ಅದನ್ನೇ ಹೇಳುತ್ತಿತ್ತು. ಐತಾಳರು ಬಂದು ಕೂತ ಮೇಲೆ ನಕ್ಷೆಯನ್ನು ಅವರ ಮುಂದಿಟ್ಟೆ.

ಅವರು ತಮ್ಮ ಗೀಟಿನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಎಂತ ಮಾಡುದ್? ಅಧ್ಯಕ್ಷರಿಗೆ ಅದೇ ಮನ್ಸಿಗ್ ಬಂದಿತ್ತ್."

"ಅವರಿಗೆ ಗೊತ್ತಿದೆ ಸರ್, ಅದು ತಪ್ಪು ಅಂತ."

"ಗೊತ್ತಿದ್ದೂ ಬೇಕ್ ಅಂದ್ರೆ ನಾವ್ ಎಂತ ಹೇಳುದ್? ಚಿತ್ರ ಚಿತ್ರವೇ ಶೈಲಾ. ಚಿತ್ರ ಕಂಡ್ ಯಾರೂ ಕಲ್ಲ್ ಕಟ್ಟುದಿಲ್ಲೆ."

"ಈ ಚಿತ್ರ ಕಂಡೇ ಕೈ ಎತ್ತುವುದು ಅಂತ ಆಗಿದೆ ಸರ್."

ಅವರು ಕಿಟಕಿಯ ಕಡೆ ತಿರುಗಿದರು. ಮನೆಗಳ ನಕ್ಷೆಯಲ್ಲೇ ಅಷ್ಟು ವರ್ಷ ಕಳೆದವರಿಗೆ ಇದು ಮೊದಲ ಸಾರ್ವಜನಿಕ ಕಟ್ಟಡ. ಹೊರಗೆ ಮಳೆ ಮತ್ತೆ ಹಿಡಿದಿತ್ತು. ನನ್ನನ್ನು ನೋಡದೆ, "ಸರಿಯಾದ್ದೂ ಒಂದ್ ಮಾಡಿ ಇಡಿ" ಎಂದರು. ತೋರಿಸುವುದಕ್ಕೋ, ತಮ್ಮ ಮನಸ್ಸಿನ ಸಮಾಧಾನಕ್ಕೋ ಹೇಳಲಿಲ್ಲ.

ಉತ್ತರ ತಿರುಗಿಸುವುದು ಒಂದು ಕ್ಷಣದ ಕೆಲಸ. ರೆಂಡರ್ ಮುಗಿಯುವುದಕ್ಕೆ ಗಂಟೆಗಳು ಬೇಕು. ಚಿತ್ರ ಚೌಕ ಚೌಕವಾಗಿ ಮೂಡುತ್ತಾ ಬರುತ್ತದೆ, ಒಂದು ಮೂಲೆಯಿಂದ ಇನ್ನೊಂದಕ್ಕೆ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು. ಆ ಶನಿವಾರ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಪ್ರತಿ ಸಲವೂ ಯುಪಿಎಸ್ ಕೂಗತೊಡಗಿ, ಅದರ ಕೂಗು ಬಿಗಿಯಾಗುತ್ತಾ ಹೋಗಿ, ಪರದೆ ಕಪ್ಪಾಗುತ್ತಿತ್ತು. ಆಕಾಶ ಮುಗಿದಿರುತ್ತಿತ್ತು, ಮಾಡು ಮುಗಿದಿರುತ್ತಿತ್ತು, ಹಕ್ಲಿಗೆ ಬರುವಷ್ಟರಲ್ಲಿ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ನನ್ನ ಹತ್ತಿರ ಒಂದೂ ಚಿತ್ರ ಇರಲಿಲ್ಲ.

ಮನೆಗೆ ಫೋನ್ ಮಾಡಿ ಈ ವಾರ ಬರುವುದಿಲ್ಲ ಎಂದೆ. ಅಮ್ಮ ಎಂತಕ್ಕೆ ಎಂದು ಕೇಳಿದಳು. ಕೆಲಸ ಎಂದೆ. ಆಮೇಲೆ, ಕೇಳಬಾರದೆಂದುಕೊಂಡರೂ ಕೇಳಿದೆ. "ಅಮ್ಮ, ಮೀನಿಗೆ ಮಧ್ಯಾಹ್ನದ್ ಮೇಲೆ ಬಿಸ್ಲ್ ಇಲ್ದಿರೆ ಎಂತ ಆತ್?"

"ಎಂತ ಆತ್? ಮೇಲ್ ಒಣ್ಗುತ್, ಒಳ್ಗ್ ಹಸಿ ಇರ್ತ್. ರಾತ್ರಿ ನೀರ್ ಬಿಡ್ತ್. ಮೂರ್ ದಿನಕ್ಕೆ ಹುಳ. ಎಸೂದೇ." "ಯಾರಿಗ್ ಹಾಂಗಾಯ್ತ್?" ಎಂದಳು.

"ಯಾರಿಗೂ ಇಲ್ಲೆ. ಇನ್ನೂ ಆಯ್ಲಿಲ್ಲೆ."

ಭಾನುವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆದು ಒಬ್ಬಳೇ ಕೂತೆ. ಚೆಂದದ ಚಿತ್ರದ ಆಸೆ ಬಿಟ್ಟೆ. ಗಾಜು, ಮರ, ಆಕಾಶ ಎಲ್ಲ ತೆಗೆದುಹಾಕಿದೆ. ಕಟ್ಟಡ, ಹಕ್ಲು, ನೆರಳು ಇಷ್ಟೇ ಉಳಿಸಿ ಚಿತ್ರದ ಅಳತೆ ಕಿರಿದು ಮಾಡಿದೆ. ಒಂದು ಗಂಟೆಯದು, ಎರಡೂವರೆಯದು, ನಾಲ್ಕರದು. ಕೊನೆಯದು ಮುಗಿಯಲು ಸ್ವಲ್ಪ ಬಾಕಿ ಇರುವಾಗ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಚೌಕಗಳು ಹಕ್ಲಿನ ಕೊನೆಯ ಅಂಚಿನಲ್ಲಿದ್ದವು. ನಾನು ಎದ್ದು ನಿಂತು, ಏನೂ ಮಾಡಲಾಗದೆ, ಕುರ್ಚಿಯ ಬೆನ್ನು ಹಿಡಿದುಕೊಂಡೆ. ಕೊನೆಯ ಚೌಕ ಮೂಡಿತು. ಉಳಿಸಿ, ಪೆನ್‌ಡ್ರೈವಿಗೆ ಹಾಕಿದೆ. ಅದನ್ನು ಕಿತ್ತು ಕೈಗೆ ತೆಗೆದುಕೊಳ್ಳುವುದಕ್ಕೂ ಪರದೆ ಆರುವುದಕ್ಕೂ ಸರಿಹೋಯಿತು.

ದೋಣಿಯಲ್ಲಿ ಐತಾಳರು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಡಿಲಲ್ಲಿ ಹಿಡಿದಿದ್ದರು. ಚಿತ್ರ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಅವರು ತೆರೆದು ನೋಡಲಿಲ್ಲ.

ಸಭೆ ಬಲೆಯ ಶೆಡ್ಡಿನಲ್ಲಿ. ತಗಡಿನ ಮಾಡಿನ ಮೇಲೆ ಮಳೆಯ ಸದ್ದು. ಗಂಡಸರು ಮುಂದೆ ಕುರ್ಚಿಯಲ್ಲಿ, ಹೆಂಗಸರು ಹಿಂದೆ ಬಲೆಯ ರಾಶಿಗಳ ಮೇಲೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ಕಂಡದ್ದು ಗೋಡೆ. ನಮ್ಮ ಮೊದಲ ಚಿತ್ರವನ್ನು ಗೋವಿಂದಣ್ಣ ಫ್ಲೆಕ್ಸ್ ಮಾಡಿಸಿ, ಗೋಡೆಯ ತುಂಬ ಕಟ್ಟಿಸಿದ್ದರು. ಹಕ್ಲು ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಐತಾಳರ ನಡಿಗೆ ಒಂದ್ಸಲ ನಿಂತಿತು. ಆಮೇಲೆ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತರು.

"ಕಾಣಿ" ಎಂದರು ಗೋವಿಂದಣ್ಣ. "ಇದ್ ಯಾರೋ ಕೈಯಂಗೆ ಬಿಡ್ಸದ್ ಅಲ್ಲ. ಕಂಪ್ಯೂಟರ್ ಲೆಕ್ಕ ಹಾಕಿ ತೆಗ್ದದ್. ಜನವರಿ ತಿಂಗ್ಳ್, ಸಂಜಿ ನಾಲ್ಕ್ ಗಂಟಿ. ಹಕ್ಲ್ ಇಡೀ ಬಿಸ್ಲ್. ಇನ್ನ್ ಎಂತ ಬೇಕ್?"

"ಹಾಂಗಾರೆ ಕೈ ಎತ್ತಿ ಮುಗ್ಸುವ" ಎಂದರು ಯಾರೋ. "ಐಸಿಗೆ ಹೇಳುಕಿತ್ತ್, ಡೀಸೆಲಿಗೆ ಹೇಳುಕಿತ್ತ್."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೈ ಎತ್ತಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಂಪ್ಯೂಟರಿನ ಎದುರು ಏನು ಹೇಳುವುದು? ಮುತ್ತಕ್ಕ ಫ್ಲೆಕ್ಸ್ ನೋಡುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡುತ್ತಿದ್ದಳು.

"ಚಿತ್ರ ಮಾಡದ್ ಈ ಹೆಣ್ಣ್ ಅಲ್ದಾ? ಅದ್ರ್ ಬಾಯಂಗೇ ಕೇಂಬ. ಹೆಣೇ, ಇದ್ ಸಂಜಿ ಬಿಸ್ಲಾ?"

ಎಲ್ಲರೂ ತಿರುಗಿದರು. ನಾನು ಐತಾಳರನ್ನು ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು. ತುಂಬಿದ ಸಭೆಯಲ್ಲಿ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ. ಕಾಲೇಜಿನ ಕನ್ನಡ ಬಾಯಿಗೆ ಬರಲಿಲ್ಲ.

"ಅಲ್ಲ ಅಕ್ಕ. ಇದ್ ಬೆಳಿಗ್ಗಿನ್ ಬಿಸ್ಲ್. ದಿಕ್ಕ್ ತಪ್ಪಿದ್ದಿತ್. ಸಂಜಿದ್ ಬೇರೆ ಇತ್ತ್."

ಗೋವಿಂದಣ್ಣನ ಮುಖ ಕೆಂಪಾಯಿತು. "ಹ್ವಾಯ್ ಐತಾಳ್ರೆ, ಎಂತ ಇದ್? ನಿಮ್ಮ್ ಆಫೀಸಿನ್ ಹೆಣ್ಣೇ ನಿಮ್ಮ್ ಚಿತ್ರ ಸುಳ್ಳ್ ಅಂತಲೆ!"

ಐತಾಳರು ಕನ್ನಡಕ ಹಾಕಿಕೊಂಡರು. ಅವರು ಏನು ಹೇಳುತ್ತಾರೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಸುಳ್ಳ್ ಅಲ್ಲ ಗೋವಿಂದಣ್ಣ, ತಪ್ಪ್" ಎಂದರು. "ದಿಕ್ಕ್ ಬರ್ದದ್ ನಾನೇ. ಹೊಳಿ ಕಂಡ್ ಪಡು ಅಂದ್ಹೇಳಿ ಬರ್ದೆ. ಸರಿಯಾದ್ ಇದ್ರಂಗೆ ಇತ್ತ್, ಕಾಣಿ." ಮಡಿಲಿನ ಪ್ಲಾಸ್ಟಿಕ್ ಬಿಡಿಸಿದರು.

ಹೆಂಗಸರು ಬಲೆಯ ರಾಶಿಯಿಂದ ಇಳಿದು ಲ್ಯಾಪ್‌ಟಾಪಿನ ಸುತ್ತ ಬಂದರು. ನಾನು ಗುಂಡಿ ಒತ್ತಿದೆ. ಒಂದು ಗಂಟೆಗೆ ನೆರಳು ಕಟ್ಟಡದ ಕಾಲಬುಡದಲ್ಲಿತ್ತು. ಎರಡೂವರೆಗೆ ಹಕ್ಲಿನ ಒಳಗೆ ಬಂದಿತ್ತು. ನಾಲ್ಕಕ್ಕೆ ಬೂದಿ ಬಣ್ಣ ನೀರಿನ ಹತ್ತಿರದವರೆಗೂ ಹರಡಿತ್ತು. ಆಕಾಶವಿಲ್ಲದ, ಮರವಿಲ್ಲದ ಚಿತ್ರ. ನಾನು ಮಾಡಿದ್ದರಲ್ಲೇ ಕುರೂಪದ್ದು. ಯಾರೋ ಹಿಂದಿನಿಂದ "ಅಯ್ಯಬ್ಬ" ಎಂದರು.

"ಬೆಳಿಗ್ಗಿಂದ ಮಧ್ಯಾಹ್ನ ತಂಕ ಬಿಸ್ಲ್ ಇತ್ತಲೆ" ಎಂದ ಒಬ್ಬ. "ಅರ್ಧ ದಿನ ಸಾಕಾತಿಲ್ಯಾ?"

ಮುತ್ತಕ್ಕ ಅವನ ಕಡೆ ತಿರುಗಿದಳು. "ನಿನ್ನ್ ಬೋಟಿಗೆ ಅರ್ಧ ಟ್ಯಾಂಕ್ ಡೀಸೆಲ್ ಹಾಕಿ ಕಳ್ಸುವ. ಹೋಪುಕೆ ಸಾಕ್ ಅಲ್ದಾ? ಬಪ್ಪದ್ ಕಾಂಬ."

ಗಂಡಸರೂ ನಕ್ಕರು. ಗೋವಿಂದಣ್ಣ ನಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ, "ಆಫೀಸಂಗೆ ಫ್ಯಾನಿನಡಿ ಕೂಕಂಬರಿಗೆ ಒಣಮೀನ್ ಬಗ್ಗೆ ಎಂತ ಗೊತ್ತಿತ್ತ್?" ಎಂದರು.

"ನಮ್ಮನ್ಯಂಗೂ ಒಣಗ್ಸತ್ರ್" ಎಂದೆ. "ಉಪ್ಪುಂದದಂಗೆ. ಅಮ್ಮ ನನ್ನ್ ಓದ್ಸದ್ದೂ ಅದ್ರಂಗೇ."

ಮುತ್ತಕ್ಕ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಕಾಂಬುಕೆ ಹಾಂಗ್ ಕಾಣ್ಸುದಿಲ್ಲೆ" ಎಂದಳು. ಹೆಂಗಸರು ನಕ್ಕರು.

ಆ ದಿನ ಕೈ ಎತ್ತುವುದು ನಡೆಯಲಿಲ್ಲ. ಮಾಳಿಗೆ ಬಿಟ್ಟರೆ ನೆರಳು ಎಲ್ಲಿಯವರೆಗೆ ಬರುತ್ತದೆ, ಕಟ್ಟಡವನ್ನು ಹಿಂದಕ್ಕೆ ತಳ್ಳಬಹುದೇ ಎಂದು ಯಾರೋ ಕೇಳಿದರು. ಅದನ್ನೂ ಮಾಡಿ ತೋರಿಸುತ್ತೇವೆ ಎಂದರು ಐತಾಳರು. ಗೋವಿಂದಣ್ಣ ಎದ್ದು ಹೊರಗೆ ಹೋಗಿ ಮಳೆ ನೋಡುತ್ತಾ ನಿಂತರು. ಅವರದೂ ಸಣ್ಣ ಆಸೆಯಲ್ಲ. ಅವರ ಮೂವರು ಹೆಣ್ಣುಮಕ್ಕಳ ಮದುವೆ ಹೊಳೆಯಾಚೆಯ ಬಾಡಿಗೆ ಹಾಲಿನಲ್ಲಿ ಆಗಿತ್ತು ಎಂದು ಆಮೇಲೆ ಕೇಳಿದೆ.

ವಾಪಸು ದೋಣಿಯಲ್ಲಿ ಐತಾಳರು ಲ್ಯಾಪ್‌ಟಾಪಿಗೆ ಮತ್ತೆ ಪ್ಲಾಸ್ಟಿಕ್ ಸುತ್ತಿದರು. ದಡ ಹತ್ತಿರ ಬಂದಾಗ, "ನಿಮ್ಮನೆಯಂಗೆ ಒಣಮೀನ್ ಮಾಡ್ತ್ರ್ ಅಂದ್ಹೇಳಿ ನೀವ್ ಹೇಳ್ಲೇ ಇಲ್ಲೆ" ಎಂದರು.

"ನೀವು ಕೇಳಿರಲಿಲ್ಲ ಸರ್."

"ಇನ್ನ್ ಮೇಲೆ ಎಂತ ಇದ್ರೂ ಮೊದ್ಲ್ ನನ್ನ್ ಹತ್ರ ಹೇಳಿ."

"ಹೇಳಿದ್ದೆ ಸರ್."

ಅವರು ಹೂಂ ಎಂದರು. ದೋಣಿಯಿಂದ ಇಳಿಯುವಾಗ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟು, ತಾವು ಮೊದಲು ಇಳಿದು, ಮತ್ತೆ ಕೈ ಚಾಚಿ ತೆಗೆದುಕೊಂಡರು.

ರಾಜೇಶ ಸೋಮವಾರ ಊದಿನಕಡ್ಡಿ ಹಚ್ಚಲಿಲ್ಲ. ಅವನಿಗೆ ಯಾರು ಹೇಳಿದರೋ.

ದೀಪಾವಳಿಯ ಮೊದಲು ಮಾಳಿಗೆ ತೆಗೆದು, ಕಟ್ಟಡವನ್ನು ಪಡುವಿಗೆ ತಳ್ಳಿ, ಅದೇ ಮಾಡೆಲನ್ನು ಮತ್ತೆ ಮೂರು ಪ್ರೋಗ್ರಾಮಿನೊಳಗೆ ಸಾಗಿಸಿದೆ. ಈ ಸಲ ಮೊದಲು ದಿಕ್ಕು, ಆಮೇಲೆ ಉಳಿದದ್ದು. ನಾಲ್ಕು ಗಂಟೆಯ ನೆರಳು ಹಕ್ಲಿನ ಅಂಚಿನ ಕಲ್ಲಿನ ಕಟ್ಟೆಯವರೆಗೆ ಬಂದು ನಿಂತಿತು. ಚಿತ್ರಗಳನ್ನು ಗಂಗೊಳ್ಳಿಗೆ ಕಳಿಸಿದೆವು. ಉತ್ತರ ಬರಲಿಲ್ಲ. ಬೋಟು ಕಡಲಿಗೆ ಇಳಿದಾಗಿತ್ತು. ಮುಂದಿನ ವರ್ಷ ನಾನು ಬ್ರಹ್ಮಾವರದ ದೊಡ್ಡ ಕಚೇರಿಗೆ ಹೋದೆ. ಅಲ್ಲಿ ಬಹುಮಹಡಿ ಕಟ್ಟಡಗಳ ಚಿತ್ರ ಮಾಡಿದೆ, ಎಲ್ಲಕ್ಕೂ ಚೆಂದದ ಸಂಜೆಯ ಬೆಳಕು. ಗಂಗೊಳ್ಳಿಯಲ್ಲಿ ಏನಾಯಿತೆಂದು ವಿಚಾರಿಸಲಿಲ್ಲ. ವಿಚಾರಿಸಲು ಹೆದರಿದ್ದೆ ಎನ್ನುವುದು ಹೆಚ್ಚು ಸರಿ.

ಕಳೆದ ಜನವರಿಯಲ್ಲಿ ಆ ಬಸ್ಸಿನಲ್ಲಿ ಗಂಗೊಳ್ಳಿಗೆ ಹೋದದ್ದು ದೊಡ್ಡಮ್ಮನ ಮಗಳ ಮನೆ ಒಕ್ಕಲಿಗೆ. ಊಟ ಮುಗಿದ ಮೇಲೆ ಸುಮ್ಮನೆ ಹೊಳೆಯ ಕಡೆಗೆ ನಡೆದೆ. ನಾಲ್ಕು ಗಂಟೆಯ ಹೊತ್ತು. ಕಟ್ಟಡ ಅಲ್ಲಿತ್ತು. ಮಾಳಿಗೆ ಇರಲಿಲ್ಲ. ಗೋಡೆಗೆ ಹಸಿರು ಬಣ್ಣ, ಬಾಗಿಲಲ್ಲಿ ಬಲೆಯ ರಾಶಿ. ನಾವು ಕೊಟ್ಟ ನಕ್ಷೆಯದೋ, ಬೇರೆ ಯಾರು ಮಾಡಿದ್ದೋ ಹೇಳಲಾರೆ. ಬಾಗಿಲಿನ ಜಾಗ ಬೇರೆಯಿತ್ತು, ಮಾಡಿನ ಇಳಿಜಾರೂ ಬೇರೆ. ನಾನು ನೋಡಿದ್ದು ನೆಲವನ್ನು. ನೆರಳು ಕಟ್ಟೆಯವರೆಗೆ ಬಂದು ನಿಂತಿತ್ತು. ಅದರಾಚೆ ತೆಂಗಿನ ಮಡಲಿನ ಚಾಪೆಗಳ ಸಾಲು, ಅವುಗಳ ಮೇಲೆ ಬಂಗುಡೆ, ನಂಗು, ಬಿಳಿ ಬಿಳಿ ಬೊಳೆಂಜಿರ್, ಎಲ್ಲ ಬಿಸಿಲಿನಲ್ಲಿ. ಮುತ್ತಕ್ಕ ಕಾಣಲಿಲ್ಲ. ನನ್ನ ವಯಸ್ಸಿನ ಒಬ್ಬ ಹೆಂಗಸು ಬಗ್ಗಿ ಮೀನು ಮಗುಚಿ ಹಾಕುತ್ತಿದ್ದಳು.

ನೆರಳಿನ ಗೆರೆ ದಾಟಿ ಬಿಸಿಲಿಗೆ ಬಂದು, ಚಾಪೆಗಳ ಹತ್ತಿರ ನಿಂತುಕೊಂಡೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

"ಹ್ವಾಯ್ ಅಕಾ!" ಆ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೈ ಬೀಸಿದಳು. "ಒಂಚೂರ್ ಬದಿಗ್ ಸರೀನಿ. ಮೀನಿನ್ ಮೇಲೆ ನಿಮ್ಮ್ ನೆಳ್ಳ್ ಬೀಳ್ತ್."

ನೋಡಿದೆ. ಹೌದು, ಮೂಡಿಗೆ, ಹೊಳೆಯ ಕಡೆಗೆ, ಎರಡು ಚಾಪೆಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ನಾನು ಸರಿದೆ.